ಮುಂದೆ ನಡೆಯುವ ದನಿ

ಕಾರ್ತಿಕ ೬, ಮನೆಯಲ್ಲಿ

ಇವತ್ತು ದೇವರ ಹೆಸರು ಹಿಡಿದು ಸುಳ್ಳು ಹೇಳಿದೆ. ಯಾರ ಹತ್ತಿರವೂ ಹೇಳಿಕೊಳ್ಳುವಂತಿಲ್ಲ. ಬರೆದರೆ ಎದೆಯ ಭಾರ ಸ್ವಲ್ಪ ಇಳಿದೀತು ಎಂದು ಬರೆಯುತ್ತಿದ್ದೇನೆ.

ಬೆಳಿಗ್ಗೆ ಕಾಠ್ಮಂಡುವಿನಿಂದ ಅಮಾತ್ಯ ಸರ್ ಫೋನು ಬಂತು. ದಶೈಂ ಹಬ್ಬ ಮುಗಿದು ಆಕಾಶ ತೊಳೆದಂತಾದ ಮೇಲೆ ಅವರು ಪ್ರತಿ ವರ್ಷ ಫೋಟೋ ತೆಗೆಯುವ ವಿದೇಶಿಯರ ಒಂದು ಸಣ್ಣ ಗುಂಪನ್ನು ಕರೆತರುತ್ತಾರೆ. ಆ ಗುಂಪನ್ನು ಬೆಟ್ಟದ ಮೇಲಿನ ಗೋಸಾಇಂಕುಂಡ ಎಂಬ ಕೆರೆಯವರೆಗೆ ನನ್ನ ಗಂಡ ಗ್ಯಾಲ್ಬೋ ಹತ್ತಿಸಿ ಇಳಿಸುತ್ತಾನೆ. ತಲೆಗೂದಲು ಕಪ್ಪಗಿದ್ದಾಗಿನಿಂದ ಅವನದು ಇದೇ ಕೆಲಸ. "ಈ ಸಲ ನಾಲ್ಕೇ ಜನ ದಾಇ, ನೀವೇ ಬೇಕು" ಎಂದು ಅಣ್ಣನನ್ನು ಕರೆದ ಹಾಗೆ ಕರೆದರಂತೆ. ಗ್ಯಾಲ್ಬೋ, "ಬನ್ನಿ ಸರ್, ಬನ್ನಿ, ಯಾಕಾಗಲ್ಲ" ಎಂದು ನಕ್ಕು ಫೋನು ಇಟ್ಟ.

ಒಲೆಯ ಮುಂದೆ ಢಿಂಡೋ ಮುದ್ದೆ ತೊಳಸುತ್ತಿದ್ದ ನಾನು ಸೌಟು ಕೈಬಿಟ್ಟೆ.

ಅವನ ಕಣ್ಣು ಹೋಗುತ್ತಿದೆ. ಶ್ರಾವಣದಲ್ಲಿ ಕಾಠ್ಮಂಡುವಿಗೆ ಹೋಗಿ ತೋರಿಸಿದಾಗ ಡಾಕ್ಟರು, ಒಳಗಿನ ನರ ಒಣಗಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಲು ಈ ಹನಿ ಹಾಕುತ್ತಿರಿ ಎಂದರು. ಒಳ್ಳೆಯ ಬಿಸಿಲಿದ್ದರೆ ಬಿದಿರಿನ ಕೊಳವೆಯಲ್ಲಿ ಇಣುಕಿದಷ್ಟು ಕಾಣುತ್ತದೆ. ಎದುರಿಗೆ ನಿಂತವರ ಮುಖ ಕಾಣುತ್ತದೆ, ತನ್ನ ಕಾಲು ತನಗೆ ಕಾಣುವುದಿಲ್ಲ. ಬೆಳಕು ಮಸುಕಾದರೆ ಅದೂ ಇಲ್ಲ. ಇದು ಡಾಕ್ಟರಿಗೆ ಗೊತ್ತು, ನನಗೆ ಗೊತ್ತು, ಮೇಲಿರುವವನಿಗೆ ಗೊತ್ತು. ನಾಲ್ಕನೆಯವರಿಗೆ ಗೊತ್ತಿಲ್ಲ.

"ನಿಂಗೇನು ತಲೆ ಕೆಟ್ಟಿದೆಯಾ?" ಎಂದೆ.

"ಇದೊಂದು ಸಲ. ಆಮೇಲೆ ನಾನೇ ಬಿಡ್ತೀನಿ."

"ಕಾಣದೋನು ದಾರಿ ತೋರ್ಸೋದು ಹೆಂಗೆ?"

"ಆ ದಾರಿ ನನ್ನ ಕಾಲಿಗೆ ಗೊತ್ತು ಕಣೇ. ಕಣ್ಣು ಯಾಕೆ?"

"ಆ ಜನ ಏನು ಬಿಸಿಲು ಬಂದ್ಮೇಲೆ ಹೊರಡೋರಾ?"

ಬೇರೆ ಯಾತ್ರಿಕರು ರೊಟ್ಟಿ ತಿಂದು, ಚಹಾ ಕುಡಿದು, ಅಂಗಳಕ್ಕೆ ಬಿಸಿಲು ಬಂದ ಮೇಲೆ ಹೊರಡುತ್ತಾರೆ. ಫೋಟೋದವರು ಹಾಗಲ್ಲ. ಹಿಮದ ಮೇಲೆ ಮೊದಲ ಬೆಳಕು ಬೀಳುವ ಹೊತ್ತಿಗೆ ಅವರು ಮೇಲೆ ನಿಂತು ಕಾಯುತ್ತಿರಬೇಕು. ಹತ್ತುವುದೆಲ್ಲ ಕತ್ತಲಲ್ಲೇ. ಹಣೆಗೆ ದೀಪ ಕಟ್ಟಿಕೊಂಡರೂ ಗ್ಯಾಲ್ಬೋಗೆ ಕಾಣುವುದು ಕಾಸಿನಗಲದ ಒಂದು ಬಿಳಿ ಚುಕ್ಕೆ ಮಾತ್ರ.

"ಸರ್‌ಗೆ ನಿಜ ಹೇಳಿಬಿಡು" ಎಂದೆ. "ಒಂದ್ಸಲ ಕುರುಡ ಅನ್ನಿಸ್ಕೊಂಡ್ರೆ ಮುಗೀತು ಮುದುಕಿ. ನಾಳೆಯಿಂದ ಊರೋರೆಲ್ಲ ಕೈ ಹಿಡ್ಕೊಂಡು ಬಚ್ಚಲಿಗೆ ಬಿಟ್ಟು ಬರ್ತಾರೆ" ಎಂದ. ಹೇಳುತ್ತ ನಕ್ಕ. ನಗು ಕಣ್ಣಿನವರೆಗೆ ಬರಲಿಲ್ಲ.

ಅವನು ಆಡು ಕಟ್ಟಲು ಹೋದಾಗ ನಾನೇ ಅಮಾತ್ಯ ಸರ್‌ಗೆ ಫೋನು ಮಾಡಿದೆ. ಕುಂಡದಲ್ಲಿ ಮುಳುಗುವ ಹರಕೆ ಇದೆ ಸರ್, ನಾನೂ ಹೊರೆ ಹೊತ್ತು ಬರುತ್ತೇನೆ ಎಂದೆ.

"ಬನ್ನಿ ದಿದಿ, ಒಳ್ಳೇದೇ ಆಯ್ತು. ಗುಂಪಲ್ಲಿ ಒಬ್ರು ವಯಸ್ಸಾದ ಹೆಂಗಸಿದ್ದಾರೆ, ಜೊತೆ ಆಗುತ್ತೆ. ಕ್ಯಾಮೆರಾ ನಿಲ್ಲಿಸೋ ಮೂರುಕಾಲುಗಳನ್ನ ನೀವು ಹೊತ್ಕೊಳಿ."

ಹರಕೆ ಇಲ್ಲ. ಇಲ್ಲದ ಹರಕೆಯನ್ನು ಮಹಾದೇವನ ಕುಂಡದ ಮೇಲೆ ಹಾಕಿದೆ. ತಪ್ಪಾಯಿತೆಂದು ತುಪ್ಪದ ದೀಪ ಹಚ್ಚಿದೆ. ಎರಡು ಸಲ ನಂದಿತು. ಗಾಳಿಗೇ ಇರಬೇಕು.

ಕಾರ್ತಿಕ ೯, ಧುಂಚೆ

ಮಧ್ಯಾಹ್ನ ಜೀಪು ಬಂತು. ಇಂಗ್ರಿದ್ ಎಂಬ ಆ ಹೆಂಗಸು ನನಗಿಂತ ಬಹಳ ದೊಡ್ಡವಳು, ಒಂದು ಮೊಣಕಾಲಿಗೆ ಪಟ್ಟಿ ಕಟ್ಟಿದ್ದಾಳೆ. ಕೊರಿಯಾದ ಇಬ್ಬರು ಗೆಳೆಯರು, ಇಬ್ಬರ ಹೆಸರೂ ಕಿಮ್. ನಾಲ್ಕನೆಯವನು ತೊಮಾಶ್, ಬಾಗಿಲಿಗೆ ತಲೆ ತಾಗುವಷ್ಟು ಉದ್ದ. ಜೀಪಿನಿಂದ ಇಳಿದವನೇ ಕ್ಯಾಮೆರಾಕ್ಕೆ ಕಣ್ಣು ಹಚ್ಚಿ ಹಿಂದಕ್ಕೆ ಹಿಂದಕ್ಕೆ ನಡೆದ, ಚರಂಡಿಯ ಅಂಚಿನವರೆಗೂ. ನಾನು ಅವನ ಚೀಲದ ಪಟ್ಟಿ ಹಿಡಿದು ಎಳೆದೆ. ಅವನು ನಕ್ಕ. ನನಗೆ ನಗು ಬರಲಿಲ್ಲ. ಇಂಥವನು ಕಣ್ಣಿಲ್ಲದ ಗ್ಯಾಲ್ಬೋನ ಹಿಂದೆ ನಡೆಯಬೇಕಲ್ಲ ಎಂದುಕೊಂಡೆ.

ಚೀಲಗಳನ್ನು ಹೊರಲು ಪಕ್ಕದ ಊರಿನ ಕಾಇಲಾ ಬಂದಿದ್ದಾನೆ. ಅವನ ಕಣ್ಣು ಹದ್ದಿನದು, ನಾಲಿಗೆ ಕತ್ತರಿಯದು. ಇವನು ಬರುತ್ತಾನೆಂದು ಗೊತ್ತಿದ್ದರೆ ಏನು ಮಾಡುತ್ತಿದ್ದೆನೋ.

"ಏನ್ ದಿದಿ, ಈ ವಯಸ್ಸಲ್ಲೂ ಗಂಡನ್ನ ನಾಲ್ಕು ದಿನ ಬಿಟ್ಟಿರಕ್ಕಾಗಲ್ವಾ?"

"ನಿನ್ನ ಹೆಂಡ್ತಿ ನಿನ್ನನ್ನ ಹೆಂಗೆ ಕಳಿಸಿದ್ಲು ಅಂತ ಹೇಳು ಮೊದ್ಲು. ಖುಷಿಯಿಂದ ತಾನೆ?"

ಗ್ಯಾಲ್ಬೋ ಹೊಸ ಟೋಪಿ ಹಾಕಿಕೊಂಡು ಎಲ್ಲರ ಕೈ ಕುಲುಕಿದ. ಸಣ್ಣ ಕಿಮ್ ಪಕ್ಕದಿಂದ ಚಾಚಿದ ಕೈ ಮಾತ್ರ ಅವನಿಗೆ ಕಾಣಲಿಲ್ಲ. ಆ ಕೈ ಗಾಳಿಯಲ್ಲೇ ನಿಂತಿತ್ತು. ನಾನು ಓಡಿಹೋಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು ನಮಸ್ತೆ ನಮಸ್ತೆ ಎಂದೆ. ಎಲ್ಲರೂ ನಕ್ಕರು. ರವಿಕೆ ಬೆನ್ನಿಗೆ ಅಂಟಿತ್ತು.

ಕಾರ್ತಿಕ ೧೦, ಚಂದನಬಾರಿ

ಇವತ್ತು ಇನ್ನೊಂದು ತಪ್ಪು ಮಾಡಿದೆ. ಹೇಗೆ ಎಣಿಸಿಕೊಳ್ಳಬೇಕೋ ತಿಳಿಯದು.

ಕಾಡಿನ ಏರು. ಬೇರುಗಳು ಹಾವಿನಂತೆ ಹಾದಿಗೆ ಅಡ್ಡ ಬಿದ್ದಿವೆ. ಮರದ ನೆರಳಲ್ಲಿ ಗ್ಯಾಲ್ಬೋ ಎರಡು ಸಲ ಎಡವಿದ. ಮೂರನೆಯ ಸಲ ಎಡವಿದರೆ ಕಾಇಲಾ ನೋಡುತ್ತಾನೆಂದು ನಾನು ಮುಂದಕ್ಕೆ ನುಗ್ಗಿ ಅವನ ಮುಂದೆ ನಡೆಯತೊಡಗಿದೆ. ಹೊರೆಯವಳು ದಾರಿ ತೋರಿಸುವವನ ಮುಂದೆ ಯಾಕೆ ಹೋಗಬೇಕು? ಕೇಳಿದರೆ ಏನು ಹೇಳಲಿ? ಬಾಯಿಗೆ ತಾನಾಗಿ ಮಣಿಮಂತ್ರ ಬಂತು. ಓಂ ಮಣಿ ಪೇಮೇ ಹೂಂ, ಓಂ ಮಣಿ ಪೇಮೇ ಹೂಂ. ಹರಕೆಯವಳು ಜಪ ಮಾಡುತ್ತಾ ಮುಂದೆ ಹೋಗುತ್ತಿದ್ದಾಳೆ ಎಂದುಕೊಳ್ಳಲಿ.

ಹೇಳುತ್ತಾ ಹೇಳುತ್ತಾ, ಮೆಟ್ಟಿಲು ಏರುವಲ್ಲಿ ದನಿ ಎತ್ತರಿಸಿದೆ, ಇಳಿಯುವಲ್ಲಿ 'ಹೂಂ' ಅನ್ನು ಎಳೆದೆ, ಬೇರು ಬಂದರೆ ಎರಡು ಸಲ ಗಬಗಬನೆ ಹೇಳಿದೆ. ನಾನೇ ಯೋಚಿಸಿ ಮಾಡಿದ್ದಲ್ಲ. ಆದರೆ ಹಿಂದೆ ಗ್ಯಾಲ್ಬೋನ ಹೆಜ್ಜೆ ಅದಕ್ಕೆ ಸರಿಯಾಗಿ ಬೀಳತೊಡಗಿತು. ಸಂಜೆ ಸೌದೆ ರಾಶಿಯ ಹಿಂದೆ ಸಿಕ್ಕಾಗ, "ಚೆನ್ನಾಗಿತ್ತು ಕಣೇ. ನಾಳೇನೂ ಹಂಗೇ ಹೇಳು" ಎಂದ.

"ದೇವರ ಮಂತ್ರಾನ ದನದ ಕೊರಳ ಗಂಟೆ ಮಾಡ್ಕೊಂಡ್ಯಾ?"

"ದನಕ್ಕೂ ಬುದ್ಧನೇ ಗತಿ ಅಲ್ವಾ?"

ಅವನಿಗೆ ತಮಾಷೆ. ನನಗೆ ಅನ್ನ ಇಳಿಯಲಿಲ್ಲ.

ಕಾರ್ತಿಕ ೧೧

ಮೊದಲ ಕತ್ತಲ ನಡಿಗೆ ಮುಗಿಯಿತು. ಹತ್ತಿರದ ಗುಡ್ಡ, ಅಗಲದ ಹಾದಿ. ಆದರೂ ಒಂದು ಕಡೆ ಕಣಿವೆಯಿತ್ತು. ಕಣಿವೆ ಕಾಣಲಿಲ್ಲ, ಅಲ್ಲಿಂದ ಬರುವ ತಣ್ಣನೆಯ ಉಸಿರು ಮಾತ್ರ ಕೆನ್ನೆಗೆ ತಾಗುತ್ತಿತ್ತು. ಮಂತ್ರ ಹೇಳಿ ಹೇಳಿ ಗಂಟಲು ಒಣಗಿತು. ಮೇಲೆ ತಲುಪಿದ ಮೇಲೆ ಎಲ್ಲರೂ ಮೂರುಕಾಲು ಹೂಡಿ ಹಿಮದ ಕಡೆ ತಿರುಗಿ ನಿಂತರು. ನಾನು ಗ್ಯಾಲ್ಬೋ ಎಲ್ಲಿ ನಿಂತಿದ್ದಾನೆ, ಅಂಚು ಎಷ್ಟು ದೂರ ಎಂದು ನೋಡುತ್ತಿದ್ದೆ.

ಇಂಗ್ರಿದ್ ನನ್ನ ಜಪವನ್ನು ಸಣ್ಣ ಯಂತ್ರದಲ್ಲಿ ಹಿಡಿದುಕೊಂಡಿದ್ದಾಳಂತೆ. ಅಮಾತ್ಯ ಸರ್ ಹೇಳಿದರು. "ಅವರಿಗೆ ನಿಮ್ಮ ಭಕ್ತಿ ಕಂಡು ಕಣ್ಣಲ್ಲಿ ನೀರು ಬಂತಂತೆ ದಿದಿ."

ನನಗೂ ಬಂತು. ಬೇರೆ ಕಾರಣಕ್ಕೆ.

ಕಾರ್ತಿಕ ೧೨, ಚೋಲಂಗಪಾಟಿ

ಹೋಟೆಲಿನ ಕತ್ತಲ ಕೋಣೆಯಲ್ಲಿ ಕಾಇಲಾ ಚಹಾದ ಲೋಟ ಚಾಚಿದ. ಗ್ಯಾಲ್ಬೋನ ಕೈ ಲೋಟದ ಪಕ್ಕದಲ್ಲಿ ಗಾಳಿ ಹಿಡಿಯಿತು. ಇನ್ನೊಮ್ಮೆ ಹಿಡಿಯಿತು.

ಕಾಇಲಾ ಹುಬ್ಬು ಏರಿಸಿದ. "ಓಹೋ ದಾಇ! ಬೆಳಿಗ್ಗೇನೇ ರಕ್ಸಿ ಏರಿಸಿದ್ದೀರ?"

ಗ್ಯಾಲ್ಬೋ ಕೈಯನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡ. ಆಮೇಲೆ, "ಸ್ವಲ್ಪ. ಚಳಿ ನೋಡು" ಎಂದ.

ದಾರಿಯಲ್ಲಿ ಒಂದು ಹನಿ ಮುಟ್ಟದ ಮನುಷ್ಯ. ಅದರಿಂದಲೇ ಹೆಸರು ಮಾಡಿದವನು. ಅಮಾತ್ಯ ಸರ್ ಕಿವಿಗೆ ಬಿದ್ದು ಸಂಜೆ ಪಕ್ಕಕ್ಕೆ ಕರೆದು ಗದರಿಸಿದರು. ತಲೆ ತಗ್ಗಿಸಿ ಕೇಳಿದ. ಕುರುಡನಾಗುವುದಕ್ಕಿಂತ ಕುಡುಕನಾಗುವುದು ಮೇಲು ಎಂದುಕೊಂಡನಲ್ಲ. ಆಗಲೇ ಹೇಳಿಬಿಡಬೇಕಿತ್ತು ನಾನು. ಬಾಯಿವರೆಗೆ ಬಂತು. ಅವನ ಟೋಪಿ ನೋಡಿದೆ, ಹೇಳಲಿಲ್ಲ.

ಕಾರ್ತಿಕ ೧೩

ತಲೆನೋವು. ಮಂಜು. ಎಲ್ಲೂ ಹೋಗಲಿಲ್ಲ. ದೇವರೇ, ಮಂಜು ಹೀಗೇ ಇರಲಿ.

ಕಾರ್ತಿಕ ೧೪, ಲೌರಿಬಿನಾ

ಇಲ್ಲಿನ ಹೋಟೆಲು ಸಾಂಗ್ಮೋಳದು. ನನ್ನ ತವರಿನ ಕಡೆಯವಳು, ಗಂಡ ಸತ್ತ ಮೇಲೆ ಒಬ್ಬಳೇ ಚೌರಿ ದನ ಮೇಯಿಸಿಕೊಂಡು, ಬಂದವರಿಗೆ ಆಲೂಗಡ್ಡೆ ಬೇಯಿಸಿ ಹಾಕಿಕೊಂಡು ಇದ್ದಾಳೆ. ಒಲೆಗೆ ಸೌದೆ ಒಟ್ಟುತ್ತಾ ಅವಳು ಹೇಳಿದ್ದು ಇದು.

ನಾಳೆ ಹತ್ತಬೇಕಾದ ಬೆಟ್ಟದ ಏಣಿನ ಮೇಲೆ ಉದ್ದನೆಯ ಮಣಿಗೋಡೆ ಇದೆ. ಮಂತ್ರ ಕೊರೆದ ಕಲ್ಲುಗಳನ್ನು ಅಜ್ಜ ಮುತ್ತಜ್ಜಂದಿರು ಒಂದೊಂದಾಗಿ ತಂದು ಒಟ್ಟಿದ್ದು. ಅದರ ಎರಡೂ ಬದಿಗೆ ಹಾದಿ. ಗೋಡೆ ಯಾವಾಗಲೂ ನಮ್ಮ ಬಲಗೈಗೆ ಇರಬೇಕು. ಹಸುಗೂಸಿಗೂ ಗೊತ್ತಿರುವ ಮಾತು, ಬೆನ್ನಿಗೆ ಕಟ್ಟಿಕೊಂಡ ತಾಯಿ ಹಾಗೆಯೇ ತಿರುಗುತ್ತಾಳಲ್ಲ. ಆ ಎಡಬದಿಯ ಹಾದಿ ಈ ಮಳೆಗಾಲದಲ್ಲಿ ಅರ್ಧಕ್ಕೆ ಕುಸಿದು ಕಣಿವೆಗೆ ಹೋಗಿದೆಯಂತೆ. ಮೇಲೆ ಹುಲ್ಲು ಚಾಚಿಕೊಂಡಿದೆ, ಕೆಳಗೆ ಮಣ್ಣಿಲ್ಲ.

"ಮತ್ತೆ ಜನ ಹೆಂಗೆ ಹೋಗ್ತಾರೆ?"

"ಉಲ್ಟಾ ಕಡೆಯಿಂದ. ಲಾಮಾ ಬಂದು ಶಾಂತಿ ಮಾಡಿದ್ರು. ತಪ್ಪಾಯ್ತು ಅಂತ ಹಣೆ ಹಚ್ಚಿ ಹೋಗೋದು. ಏನ್ಮಾಡ್ತೀಯ, ಬೆಟ್ಟಾನೇ ಜಾರಿದ್ರೆ?"

ಗ್ಯಾಲ್ಬೋಗೆ ಹೇಳಿದೆ. "ಗೊತ್ತಾಯ್ತು ಗೊತ್ತಾಯ್ತು, ಉಲ್ಟಾ ಕಡೆ" ಎಂದ. ಇನ್ನೊಮ್ಮೆ ಹೇಳಿದೆ. ರೇಗಿದ.

ಮಣಿಗೋಡೆಯನ್ನು ಎಡಗೈಗೆ ಬಿಟ್ಟು ನಾನು ಹುಟ್ಟಿದ ಮೇಲೆ ನಡೆದಿಲ್ಲ. ಒಂದು ಕಡೆ ಕಣಿವೆಯ ಹೆದರಿಕೆ, ಇನ್ನೊಂದು ಕಡೆ ಇದು. ಯಾವುದು ದೊಡ್ಡದೆಂದು ಕೇಳಿದರೆ ಹೇಳಲಾರೆ.

ಕಾರ್ತಿಕ ೧೫, ಲೌರಿಬಿನಾ

ಅಕ್ಷರ ಸೊಟ್ಟಗೆ ಬರುತ್ತಿದೆ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಹೊರಟಾಗ ಆಕಾಶ ನಿಚ್ಚಳವಾಗಿತ್ತು. ಅರ್ಧ ಏರುವಷ್ಟರಲ್ಲಿ ಕೆಳಗಿನಿಂದ ಮೋಡ ಎದ್ದು ಬಂತು, ಅದರ ಹಿಂದೆ ಗಾಳಿ. ದೀಪದ ಬೆಳಕು ಮೋಡಕ್ಕೆ ತಾಗಿ ಬಿಳಿ ಗೋಡೆಯಂತೆ ಮುಖಕ್ಕೇ ತಿರುಗುತ್ತಿತ್ತು. ನಾನು ಮುಂದೆ, ನನ್ನ ಹಿಂದೆ ಗ್ಯಾಲ್ಬೋ, ಅವನ ಬೆನ್ನಿಗೆ ತೊಮಾಶ್, ಆಮೇಲೆ ಕಿಮ್ ಇಬ್ಬರು, ಇಂಗ್ರಿದ್, ಕೊನೆಗೆ ಅಮಾತ್ಯ ಸರ್ ಮತ್ತು ಕಾಇಲಾ. ಗಾಳಿಯನ್ನು ಮೀರಿಸಿ ಮಂತ್ರ ಕೂಗುತ್ತಾ ಹತ್ತಿದೆ.

ಗೋಡೆ ಬಂತು. ಹಣೆ ಹಚ್ಚಿದೆ. ತಪ್ಪಾಯಿತು ಎಂದೆ. ಉಲ್ಟಾ ಕಡೆಗೆ ಕಾಲಿಟ್ಟೆ.

ಬಾಯಿ ಕಟ್ಟಿಹೋಯಿತು.

ಯಾವ ಅಕ್ಷರಗಳಿಗೆ ಎಡಗೈ ತೋರಿಸಿ ಹೋಗುತ್ತಿದ್ದೇನೋ ಅದೇ ಅಕ್ಷರಗಳನ್ನು ಬಾಯಲ್ಲಿ ಹೇಗೆ ಹೇಳಲಿ? ದೇವರನ್ನು ಅಣಕಿಸಿದಂತೆ ಆಗುವುದಿಲ್ಲವೆ? ಗೋಡೆ ದಾಟುವ ತನಕ ಸುಮ್ಮನಿರೋಣ, ಗ್ಯಾಲ್ಬೋಗೆ ಉಲ್ಟಾ ಕಡೆ ಎಂದು ಗೊತ್ತಲ್ಲ, ದಾಟಿದ ಮೇಲೆ ಮತ್ತೆ ಶುರುಮಾಡೋಣ ಎಂದುಕೊಂಡೆ. ತಲೆ ತಗ್ಗಿಸಿ, ಕಳ್ಳಿಯ ಹಾಗೆ, ಸದ್ದಿಲ್ಲದೆ ನಡೆದೆ. ಗೋಡೆಯ ಕೊನೆಗೆ ಬಂದು ಹಿಂದೆ ತಿರುಗಿದೆ.

ನನ್ನ ಹಿಂದೆ ಒಂದು ದೀಪವೂ ಇಲ್ಲ. ದೀಪಗಳು ಗೋಡೆಯ ಆಚೆ ಬದಿಯಲ್ಲಿದ್ದವು.

ನನ್ನ ದನಿ ನಿಂತ ಕೂಡಲೇ ಅವನು ಕೋಲಿನಿಂದ ಗೋಡೆ ತಡವಿದ್ದಾನೆ. ಕಲ್ಲು ಸಿಕ್ಕಿದೆ. ಹುಟ್ಟಿದಾಗಿನಿಂದ ಯಾವ ಕಡೆ ತಿರುಗಿತೋ ಆ ಕಡೆಗೇ ಕಾಲು ತಿರುಗಿದೆ. ಉಳಿದವರು ಅವನ ಹಿಂದೆ.

ಕೂಗಿದೆ. ಗಾಳಿ ನುಂಗಿತು. ಸುತ್ತಿ ಬರಲು ಹೊತ್ತಿರಲಿಲ್ಲ. ಗೋಡೆಯ ಪಕ್ಕದಲ್ಲೇ ಹಿಂದಕ್ಕೆ ಓಡಿ, ಮೂರುಕಾಲುಗಳ ಹೊರೆ ಬಿಸಾಡಿ, ಗೋಡೆ ಹತ್ತಿದೆ. ದೇವರ ಅಕ್ಷರದ ಮೇಲೆ ಬೂಟುಗಾಲು ಇಟ್ಟು ಹತ್ತಿದೆ. ಒಂದು ಕಲ್ಲು ಕಾಲ ಕೆಳಗೆ ಮುರಿದದ್ದು ಗೊತ್ತಾಯಿತು. ಮೇಲಿನಿಂದ ಬಗ್ಗಿ, ಕೈಗೆ ಸಿಕ್ಕಿದ ಅವನ ಕೋಟಿನ ಕೊರಳಪಟ್ಟಿ ಹಿಡಿದು, ನಮ್ಮ ಭಾಷೆಯಲ್ಲಿ ಕಿರುಚಿದೆ:

"ನಿಲ್ಲೋ ಕಣ್ಣಿಲ್ಲದ ಮುದುಕ! ಎತ್ತಬೇಡ ಕಾಲು! ಕೆಳಗೆ ನೆಲ ಇಲ್ಲ!"

ಅವನು ನಿಂತ. ಅವನ ಒಂದು ಕಾಲು ಹುಲ್ಲಿನ ಮೇಲಿತ್ತು. ಆ ಹುಲ್ಲು ಮೆಲ್ಲಗೆ ಬಗ್ಗಿತು, ನಾಲ್ಕು ಕಲ್ಲು ಜಾರಿದವು. ಅವು ಎಲ್ಲಾದರೂ ಬಿದ್ದ ಸದ್ದು ಕೇಳಲೇ ಇಲ್ಲ. ಹಿಂದಿದ್ದ ತೊಮಾಶ್ ಅವನ ಸೊಂಟಪಟ್ಟಿ ಹಿಡಿದು ಎಳೆದುಕೊಂಡ. ಇಬ್ಬರೂ ಗೋಡೆಗೆ ಒರಗಿ ಕುಸಿದರು.

ಯಾರೂ ಫೋಟೋ ತೆಗೆಯಲಿಲ್ಲ. ಒಬ್ಬರ ಚೀಲ ಒಬ್ಬರು ಹಿಡಿದುಕೊಂಡು ಕೆಳಗಿಳಿದೆವು. ಕಾಇಲಾನಿಗೆ ನಮ್ಮ ಭಾಷೆ ಬರುತ್ತದೆ. ಅವನು ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಅವನ ಬಾಯಿ ಮುಚ್ಚಿದ್ದು ಕಂಡು ನನಗೆ ಇನ್ನಷ್ಟು ಹೆದರಿಕೆಯಾಯಿತು.

ಕಾರ್ತಿಕ ೧೫, ಸಂಜೆ

ಮತ್ತೆ ಬರೆಯುತ್ತಿದ್ದೇನೆ. ಮಲಗಿದರೆ ಆ ಹುಲ್ಲು ಬಗ್ಗುವುದೇ ಕಾಣುತ್ತದೆ.

ಒಲೆಯ ಸುತ್ತ ಎಲ್ಲರೂ ಕೂತಿದ್ದೆವು. ತೊಮಾಶ್ ಬಿಸಿನೀರಿನ ಲೋಟವನ್ನು ಕುಡಿಯದೆ ಹಿಡಿದುಕೊಂಡಿದ್ದ. ಅಮಾತ್ಯ ಸರ್, "ದಿದಿ, ನೀವು ಅಲ್ಲಿ ಕೂಗಿದ್ದೇನು?" ಎಂದು ಕೇಳಿದರು. ನಾನು ಕಾಇಲಾನನ್ನು ನೋಡಿದೆ. ಕಾಇಲಾ ಬೆಂಕಿ ನೋಡಿದ. ಬೇಕಿದ್ದರೆ ಇನ್ನೊಂದು ಸುಳ್ಳು ಹೇಳಬಹುದಿತ್ತು, ಅವನು ತಡೆಯುತ್ತಿರಲಿಲ್ಲ. ನನ್ನಲ್ಲಿ ಸುಳ್ಳು ಮುಗಿದುಹೋಗಿತ್ತು.

"ನೀನು ಹೇಳ್ತೀಯೋ, ನಾನು ಹೇಳ್ಲೋ?" ಎಂದು ಗ್ಯಾಲ್ಬೋನನ್ನು ಕೇಳಿದೆ.

ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ಸರ್, ನಂಗೆ ಕಣ್ಣು ಕಾಣಲ್ಲ. ಹಗಲಲ್ಲಿ ಇಷ್ಟು ಕಾಣುತ್ತೆ" ಎಂದು ಬೆರಳಲ್ಲಿ ಉಂಗುರ ಮಾಡಿ ತೋರಿಸಿದ. "ಕತ್ತಲಲ್ಲಿ ಏನೂ ಇಲ್ಲ."

ಸರ್ ಎದ್ದು ಬಾಗಿಲವರೆಗೆ ಹೋಗಿ ಬಂದು ಕೂತರು. "ಕುಡ್ದಿದ್ದೀರ ಅಂದ್ಕೊಂಡಿದ್ದೆ ದಾಇ" ಎಂದರು ಆಮೇಲೆ. "ಕುಡ್ದಿದ್ರೇ ಎಷ್ಟೋ ಚೆನ್ನಾಗಿತ್ತು. ಇಷ್ಟು ಜನರ ಪ್ರಾಣ! ನಾನು ಅವರ ಮನೆಯವರಿಗೆ ಏನು ಹೇಳ್ತಿದ್ದೆ?"

"ತಪ್ಪಾಯ್ತು ಸರ್."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕರೀತಿದ್ರಾ?"

ಸರ್ ತಲೆ ಅಲ್ಲಾಡಿಸಿದರು. ಇಲ್ಲ ಎಂದೇ. ಸುಳ್ಳು ಹೇಳಲಿಲ್ಲ ಅವರು, ಅದಕ್ಕೆ ಅವರ ಮೇಲೆ ನನಗೆ ಸಿಟ್ಟಿಲ್ಲ. ಇದೇ ಕೊನೆ, 'ಮುಂದಿನ ಗುಂಪು' ಎಂಬ ಮಾತೇ ಇಲ್ಲ ಎಂದರು. ಗ್ಯಾಲ್ಬೋ ಸರಿ ಎಂದ. ಅವನು ಸಣ್ಣಗಾದ ಹಾಗೆ ಕಂಡ. ಆದರೂ ನಾನು ಮಧ್ಯೆ ಬಾಯಿ ಹಾಕಲಿಲ್ಲ.

ಹೊರಗೆ ನೀರು ತರಲು ಹೋದಾಗ ಹಿಂದೆಯೇ ತಡವುತ್ತಾ ಬಂದ. "ನಿನ್ನ ದನಿ ನಿಂತಾಗ ನಾನೂ ನಿಲ್ಲಬೇಕಿತ್ತು" ಎಂದ. "ಹಿಂದೆ ಆ ಲಂಬು ಇದ್ದ. ನಿಂತ್ರೆ ಯಾಕೆ ನಿಂತೆ ಅಂತ ಕೇಳ್ತಾನಲ್ಲ, ಅದಕ್ಕೇ."

"ನಾನು ಬಾಯಿ ಮುಚ್ಚಬಾರದಿತ್ತು."

"ಹ್ಞೂಂ. ಜೀವಮಾನದಲ್ಲಿ ಒಂದೇ ಒಂದು ಸಲ ಬಾಯಿ ಮುಚ್ಚಿದೆ, ಅದೂ ಅಲ್ಲಿ."

ನಕ್ಕುಬಿಟ್ಟೆ. ಆಮೇಲೆ ಇಬ್ಬರೂ ಅಲ್ಲೇ ಕೂತು ಅತ್ತೆವು.

ಕಾರ್ತಿಕ ೧೬, ಲೌರಿಬಿನಾ

ಇವತ್ತಿಡೀ ದಿನ ಇಲ್ಲೇ. ಸರ್ ಕೆಳಗಿನಿಂದ ದಾರಿ ತೋರಿಸುವ ಬೇರೆ ಯಾರನ್ನಾದರೂ ಕರೆಸಲು ಫೋನು ಹಿಡಿದು ಹಿಡಿದು ಸಾಕಾದರು. ಎಲ್ಲರೂ ಬೇರೆ ಗುಂಪುಗಳ ಜೊತೆ ಹೋಗಿದ್ದಾರೆ. ಬಿಸಿಲು ಬಂದ ಮೇಲೆ ಹೋದರೆ ಯಾರೂ ಬೇಕಿಲ್ಲ, ಆದರೆ ಬಿಸಿಲು ಬಂದ ಮೇಲೆ ಇವರಿಗೆ ಬೆಟ್ಟ ಬೇಕಿಲ್ಲ. ದೊಡ್ಡ ಕಿಮ್ ಬ್ಯಾಗು ಕಟ್ಟತೊಡಗಿದ.

ಕಾಇಲಾ ಆಲೂಗಡ್ಡೆ ಸುಲಿಯುತ್ತಾ, ಯಾರಿಗೂ ಅಲ್ಲವೆಂಬಂತೆ ಹೇಳಿದ: "ಇಷ್ಟು ದಿನ ಮುಂದೆ ನಡೆದೋಳು ಯಾರು? ದಾಇನಾ? ನಾವೆಲ್ಲ ದಿದಿ ದನಿ ಹಿಂದೆ ತಾನೆ ಬಂದಿದ್ದು."

"ಬಾಯ್ಮುಚ್ಚೋ" ಎಂದೆ.

"ನಾನು ಮುಚ್ತೀನಿ ದಿದಿ. ನೀವು ಮಾತ್ರ ಮುಚ್ಚಬೇಡಿ."

ಸರ್ ಅದನ್ನು ಅತಿಥಿಗಳಿಗೆ ಹೇಳಿದರು. ಇಂಗ್ರಿದ್ ಏನೋ ಕೇಳಿದಳು. ನಾನು ಬರುತ್ತೇನೆಯೇ ಎಂದಲ್ಲ. ನನಗೆ ಹೆದರಿಕೆಯಾಗುತ್ತದೆಯೇ ಎಂದು. ಹೌದು, ಬಹಳ ಎಂದೆ. ಅದನ್ನು ಕೇಳಿ ಅವಳು ಬೂಟಿನ ದಾರ ಬಿಗಿದುಕೊಂಡಳು. ಹೆದರುವವಳ ಹಿಂದೆ ನಡೆಯುವುದು ಒಳ್ಳೆಯದು ಎಂದಳಂತೆ. ವಿಚಿತ್ರ ಜನ.

ಮಧ್ಯಾಹ್ನ ಹಗಲು ಬೆಳಕಿನಲ್ಲಿ ನಾನೂ ಕಾಇಲಾನೂ ಹೋಗಿ ಗೋಡೆಯ ಎಡಹಾದಿಗೆ ಅಡ್ಡವಾಗಿ ಮುಳ್ಳುಗಿಡ ಕಡಿದು ಹಾಕಿ ಬಂದೆವು. ಮುರಿದ ಕಲ್ಲಿನ ಎರಡು ತುಂಡನ್ನು ಜೋಡಿಸಿ ಮೇಲೆ ಇಟ್ಟೆ. ಕೂಡಿಕೊಳ್ಳಲಿಲ್ಲ.

ಸಾಂಗ್ಮೋಳನ್ನು ಕೇಳಿದೆ: "ಮಣಿ ಕಲ್ಲು ತುಳಿದಿದ್ದೀನಿ ಕಣೇ. ಎಷ್ಟು ದೀಪ ಹಚ್ಚಲಿ?"

"ಒಂದು ಹಚ್ಚು."

"ಒಂದು ಸಾಕಾ?"

"ಅವನು ಬಿದ್ದಿದ್ರೆ ಎಷ್ಟು ಹಚ್ತಿದ್ದೆ?"

ಒಂದು ಹಚ್ಚಿದೆ. ಉರಿಯಿತು. ಹರಕೆಯ ಮಾತೂ ಉಳಿದಿದೆ. ಕುಂಡ ತಲುಪಿದರೆ ಮೂರು ಸಲ ಮುಳುಗಿಬಿಡುತ್ತೇನೆ, ಆಗ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲ. ನೀರು ಮಂಜುಗಡ್ಡೆಯಂತಿರುತ್ತದೆ. ಇರಲಿ.

ಕಾರ್ತಿಕ ೧೭, ಏಣಿನ ಮೇಲಿಂದ ಇಳಿದು

ಮುದುರಿಕೊಂಡು ಮಲಗಿದ್ದವರನ್ನು ನಾನೇ ಬಾಗಿಲು ಬಡಿದು ಎಬ್ಬಿಸಿದೆ. ಸಣ್ಣ ಕಿಮ್ ಇನ್ನೈದು ನಿಮಿಷ ಎಂದ. ಬೆಳಕು ನಿಮ್ಮಪ್ಪನ ಆಳಲ್ಲ, ಕಾಯುವುದಿಲ್ಲ ಎಂದು ಸರ್ ಕೈಲಿ ಹೇಳಿಸಿದೆ. ಸರ್ ಅದನ್ನು ಹಾಗೇ ಹೇಳಿದರೋ ಇಲ್ಲವೋ. ಎದ್ದರು.

ಸಾಲು ಹೀಗೆ ಮಾಡಿದೆ: ನಾನು, ನನ್ನ ಹೊರೆಯ ಹಗ್ಗ ಹಿಡಿದು ಗ್ಯಾಲ್ಬೋ, ಆಮೇಲೆ ಇಂಗ್ರಿದ್. ಅವಳ ಕಾಲಿನ ವೇಗವೇ ಎಲ್ಲರ ವೇಗ. ತೊಮಾಶ್‌ಗೆ ಕೈ ತೋರಿಸಿ ಹೇಳಿದೆ: ನಡೆಯುವಾಗ ಕ್ಯಾಮೆರಾ ಚೀಲದಲ್ಲಿ, ಕ್ಯಾಮೆರಾ ಕೈಯಲ್ಲಿದ್ದಾಗ ನಡೆಯುವುದಿಲ್ಲ. ತಲೆ ಆಡಿಸಿ ಚೀಲಕ್ಕೆ ಹಾಕಿದ.

ಗ್ಯಾಲ್ಬೋ ಕೆಳಗೇ ಇರಲಿ ಎಂದು ಸರ್ ಹೇಳಿದ್ದರು. ಬೇಡ ಸರ್, ಗಾಳಿ ತಿರುಗುವುದು ಅವನಿಗೆ ಮೊದಲು ಗೊತ್ತಾಗುತ್ತದೆ, ನನಗೆ ಅವನು ಬೇಕು ಎಂದೆ. ಅದು ನಿಜವೂ ಹೌದು. ಅರ್ಧ ದಾರಿಯಲ್ಲಿ, "ಪಡುವಣದ ಗಾಳಿ, ಮೋಡ ಮೇಲೆ ಬರಲ್ಲ ಇವತ್ತು, ನಡಿ" ಎಂದ. ಬರಲಿಲ್ಲ.

ಗೋಡೆ ಬಂತು. ಹಣೆ ಹಚ್ಚಿದೆ. ಪಾಪವಾದರೆ ನನಗೊಬ್ಬಳಿಗೇ ಬರಲಿ ಎಂದು ಹೇಳಿಕೊಂಡು ಉಲ್ಟಾ ಕಡೆಗೆ ಕಾಲಿಟ್ಟೆ, ಮಂತ್ರವನ್ನು ಗಂಟಲು ಹರಿಯುವಂತೆ ಕೂಗಿದೆ. ಕಾಇಲಾ ಕೊನೆಯಿಂದ ದನಿ ಕೂಡಿಸಿದ. ಆಮೇಲೆ ಗ್ಯಾಲ್ಬೋ. ಆಮೇಲೆ ಇಂಗ್ರಿದ್ ತನಗೆ ತಿಳಿದ ಹಾಗೆ. ಗೋಡೆ ಮುಗಿಯುವ ತನಕ ಯಾರೂ ನಿಲ್ಲಿಸಲಿಲ್ಲ. ಎಣಿಸಿ ನೋಡಿದೆ, ಅಷ್ಟೂ ದೀಪ ನನ್ನ ಹಿಂದೆಯೇ ಇದ್ದವು.

ಮೇಲೆ ತಲುಪಿ ಮೂರುಕಾಲುಗಳನ್ನು ಇಳಿಸಿದೆ. ಅಂಚಿನಿಂದ ಆರು ಮಾರು ಈಚೆಗೆ ಕಲ್ಲು ಸಾಲಿಟ್ಟು, ಇದನ್ನು ದಾಟಿದವರಿಗೆ ಮಧ್ಯಾಹ್ನ ಊಟವಿಲ್ಲ ಎಂದೆ. ಎಲ್ಲರೂ ಹೇಳಿದ ಹಾಗೆ ನಿಂತರು. ಗ್ಯಾಲ್ಬೋನನ್ನು ಒಂದು ಬಂಡೆಯ ಮೇಲೆ ಕೂರಿಸಿ ಪಕ್ಕದಲ್ಲಿ ಕೂತೆ.

"ಕೆಂಪಾಯ್ತಾ?" ಎಂದು ಕೇಳಿದ.

"ಏನು?"

"ಏನು ಅಂದ್ರೆ? ಬೆಟ್ಟ ಕಣೇ! ಲಾಂಗ್‌ಟಾಂಗ್ ಕಡೆ ತುದಿ ಮೊದ್ಲು ಹೊತ್ಕೊಳುತ್ತೆ. ಹೊತ್ಕೊಂಡಿತಾ?"

ನನಗೆ ಗೊತ್ತಿರಲಿಲ್ಲ. ನಾನು ಅವನ ಬೂಟು ನೋಡುತ್ತಾ ಕೂತಿದ್ದೆ. ಧುಂಚೆ ಬಿಟ್ಟಾಗಿನಿಂದ ನೋಡಿದ್ದು ಅದೊಂದೇ.

ಅವನಿಗೆ ತಿಳಿಯಿತು. ನನ್ನ ಕೈ ಹಿಡಿದು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡ.

"ನಾನು ಎಲ್ಲೂ ಹೋಗಲ್ಲ ಮುದುಕಿ. ನೀನು ನೋಡಿ ಹೇಳು."

ತಲೆ ಎತ್ತಿದೆ.